ಉತ್ತರ ಸಿಕ್ಕ ಮೇಲೂ ಕೇಳಿದ ಪ್ರಶ್ನೆ

ಒಂದು ಸಂಗತಿ ಲೋಕಕ್ಕೆ ತಿಳಿದಾಗಿದೆ. ಹಾಗಿದ್ದೂ ಅದಿನ್ನೂ ತಿಳಿದಿಲ್ಲ ಎಂಬಂತೆ ನಡೆದುಕೊಳ್ಳುವ ಅಧಿಕಾರ ಯಾರಿಗಾದರೂ ಇದೆಯೇ? ಶಾಸ್ತ್ರಚರ್ಚೆಯಲ್ಲಿ ಈ ಪ್ರಶ್ನೆಯನ್ನು ಸಾವಧಾನವಾಗಿ, ಯಾರಿಗೂ ನೋವಾಗದಂತೆ ಬಿಡಿಸುತ್ತ ಕೂರಬಹುದು. ಆಪರೇಷನ್ ಥಿಯೇಟರಿನಲ್ಲಿ ಅದೇ ಪ್ರಶ್ನೆ ಇನ್ನೊಬ್ಬರ ಮೈಮೇಲೆ ಇತ್ಯರ್ಥವಾಗುತ್ತದೆ. ಹೃದಯದ ಶಸ್ತ್ರಚಿಕಿತ್ಸೆಯ ನಂತರ ಆಗುವ ರಕ್ತಸ್ರಾವವನ್ನು ತಗ್ಗಿಸಲು ಬಳಸುತ್ತಿದ್ದ ಅಪ್ರೊಟಿನಿನ್ ಎಂಬ ಔಷಧದ ಚರಿತ್ರೆಯಲ್ಲಿ ಈ ಪ್ರಶ್ನೆ ತೀರ ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ. ಈಗಾಗಲೇ ತಿಳಿದಿರುವುದನ್ನು ಹುಡುಕಿ ಓದದೆ ಅದನ್ನೇ ಮತ್ತೆ ಮನುಷ್ಯರ ಮೇಲೆ ಪ್ರಯೋಗಿಸಿ ನೋಡುವುದು ವಿದ್ವತ್ತಿನ ಕೊರತೆ ಎಂದು ಬಿಟ್ಟುಬಿಡುವಷ್ಟು ಸಣ್ಣ ತಪ್ಪಲ್ಲ, ಅದು ಹಿಂಸೆ. ಈ ಮಾತನ್ನು ಆ ಔಷಧದ ಕತೆಯ ಮೂಲಕವೇ ಸಮರ್ಥಿಸಬೇಕೆಂದಿದ್ದೇನೆ, ಅದಕ್ಕೆ ಬರುವ ಆಕ್ಷೇಪಗಳನ್ನೂ ಎದುರಿಸುತ್ತೇನೆ.

ಮೊದಲು ರಕ್ತದ ವಿಚಾರ. ಬೈಪಾಸ್ ಅಥವಾ ಕವಾಟದ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಹೃದಯದ ಬಡಿತವನ್ನು ನಿಲ್ಲಿಸಿ, ಅದರ ಕೆಲಸವನ್ನು ಹಾರ್ಟ್-ಲಂಗ್ ಮೆಷಿನ್ನಿಗೆ ಒಪ್ಪಿಸುತ್ತಾರೆ. ಮೈಯ ರಕ್ತವೆಲ್ಲ ಪ್ಲಾಸ್ಟಿಕ್ ಕೊಳವೆಗಳಲ್ಲಿ ಹರಿದು ಆಮ್ಲಜನಕ ತುಂಬಿಕೊಂಡು ಮರಳುತ್ತದೆ. ರಕ್ತನಾಳದ ಒಳಗೋಡೆಯಲ್ಲದ ಯಾವುದನ್ನು ಮುಟ್ಟಿದರೂ ಹೆಪ್ಪುಗಟ್ಟುವುದು ರಕ್ತದ ಸ್ವಭಾವ. ಅದಕ್ಕಾಗಿ ಮೊದಲೇ ಹೆಪಾರಿನ್ ಕೊಟ್ಟಿರುತ್ತಾರೆ, ಕೆಲಸ ಮುಗಿದ ಮೇಲೆ ಅದರ ಪರಿಣಾಮವನ್ನು ಅಳಿಸಲು ಪ್ರೊಟಮಿನ್ ಕೊಡುತ್ತಾರೆ. ಇಷ್ಟೆಲ್ಲ ಮಾಡಿದರೂ ಮೆಷಿನ್ನಿನೊಳಗೆ ಸುತ್ತಿಬಂದ ರಕ್ತ ಮೊದಲಿನಂತಿರುವುದಿಲ್ಲ. ಪ್ಲೇಟ್‌ಲೆಟ್‌ಗಳು ಬಳಲಿರುತ್ತವೆ, ಕಟ್ಟಿದ ಹೆಪ್ಪನ್ನು ಕರಗಿಸುವ ಪ್ಲಾಸ್ಮಿನ್ ಎಂಬ ಕಿಣ್ವ ಅತಿಯಾಗಿ ಚುರುಕಾಗಿರುತ್ತದೆ. ಐಸಿಯುವಿನಲ್ಲಿ ರೋಗಿಯ ಎದೆಯಿಂದ ಇಳಿಬಿಟ್ಟ ಡ್ರೈನ್ ಕೊಳವೆಯ ತುದಿಗೆ ಅಳತೆಯ ಗೆರೆಗಳಿರುವ ಡಬ್ಬಿಯೊಂದಿರುತ್ತದೆ. ನರ್ಸ್ ಗಂಟೆಗೊಮ್ಮೆ ಬಗ್ಗಿ ಆ ಗೆರೆಯನ್ನು ನೋಡಿ, ಎಷ್ಟು ಮಿಲಿಲೀಟರ್ ಏರಿದೆ ಎಂದು ಚಾರ್ಟಿನಲ್ಲಿ ಬರೆಯುತ್ತಾರೆ. ಏರಿಕೆ ನಿಲ್ಲದಿದ್ದರೆ ಅಪರಾತ್ರಿಯಲ್ಲಾದರೂ ಸರಿ, ರೋಗಿಯನ್ನು ಮತ್ತೆ ಥಿಯೇಟರಿಗೆ ಒಯ್ದು ಹೊಲಿದ ಎದೆಯನ್ನು ಬಿಚ್ಚಬೇಕಾಗುತ್ತದೆ. ರಕ್ತಕ್ಕೆ ಜನ ಹೊಂದಿಸಿ ಎಂಬ ಮಾತು ಕೇಳಿ ಊರಿನವರಿಗೆಲ್ಲ ಫೋನು ಮಾಡುತ್ತ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತ ಮನೆಯವರ ಪಾಡು ಕರ್ನಾಟಕದಲ್ಲಿ ಯಾರಿಗೂ ಅಪರಿಚಿತವಲ್ಲ.

ಹೀಗೆ ಹರಿಯುವ ರಕ್ತವನ್ನು ತಡೆಯುವ ಶಕ್ತಿ ಅಪ್ರೊಟಿನಿನ್‌ಗೆ ಇತ್ತು. ಪ್ಲಾಸ್ಮಿನ್ ಮತ್ತು ಅಂಥ ಹಲವು ಕಿಣ್ವಗಳನ್ನು ಕಟ್ಟಿಹಾಕುವ ಈ ಸಣ್ಣ ಪ್ರೋಟೀನನ್ನು ದನಗಳ ಶ್ವಾಸಕೋಶದಿಂದ ತೆಗೆಯುತ್ತಿದ್ದರು. ಜರ್ಮನಿಯ ಬೇಯರ್ ಕಂಪನಿ ಅದನ್ನು ಟ್ರ್ಯಾಸಿಲಾಲ್ ಎಂಬ ಹೆಸರಿನಲ್ಲಿ ಮಾರುತ್ತಿತ್ತು. (ದನದ ಅಂಗದಿಂದ ಬಂದ ಔಷಧವನ್ನು ಒಪ್ಪಬೇಕೇ ಎಂಬುದು ನಮ್ಮಲ್ಲಿ ಅನೇಕರನ್ನು ಕಾಡುವ ಪ್ರಶ್ನೆ. ಅದು ಘನವಾದ ಪ್ರಶ್ನೆಯೇ, ಆದರೆ ಅದಕ್ಕೆ ಬೇರೆಯದೇ ಚರ್ಚೆ ಬೇಕು.) 1987ರಲ್ಲಿ ಲಂಡನ್‌ನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು ಎರಡನೇ ಬಾರಿ ಹೃದಯದ ಆಪರೇಷನ್ನಿಗೆ ಬಂದ 22 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಔಷಧ ಸಿಗದ ರೋಗಿಗಳು ಸರಾಸರಿ 1509 ಮಿಲಿಲೀಟರ್ ರಕ್ತ ಕಳೆದುಕೊಂಡಿದ್ದರು, ಸಿಕ್ಕವರು 286 ಮಿಲಿಲೀಟರ್. ಒಂದೂವರೆ ಲೀಟರ್ ಎಲ್ಲಿ, ಗಾಜಿನ ಲೋಟವೊಂದರಷ್ಟು ರಕ್ತ ಎಲ್ಲಿ! ಇಷ್ಟು ದೊಡ್ಡ ಅಂತರ ವೈದ್ಯಶಾಸ್ತ್ರದಲ್ಲಿ ಅಪರೂಪ. ಅಂಥದ್ದನ್ನು ಮತ್ತೊಮ್ಮೆ ಪರೀಕ್ಷಿಸದೆ ನಂಬಬಾರದು ಎಂದು ಉಳಿದವರು ಹೊರಟದ್ದು ಸರಿಯಾಗಿಯೇ ಇತ್ತು.

ಆದರೆ ಆ ಪರೀಕ್ಷೆ ನಿಲ್ಲಲಿಲ್ಲ. 1987ರಿಂದ 2002ರವರೆಗೆ ಇಂಥ 64 ಪ್ರಯೋಗಗಳು ಪ್ರಕಟವಾದವು. ಕೆನಡಾದ ಡೀನ್ ಫರ್ಗುಸನ್ ಮತ್ತು ಸಂಗಡಿಗರು 2005ರಲ್ಲಿ ಇವನ್ನೆಲ್ಲ ಪ್ರಕಟವಾದ ಕ್ರಮದಲ್ಲೇ ಸಾಲಾಗಿಟ್ಟು, ಒಂದೊಂದು ಹೊಸ ಪ್ರಯೋಗ ಬಂದಾಗಲೂ ಅಲ್ಲಿಯವರೆಗಿನ ಒಟ್ಟು ಸಾಕ್ಷ್ಯ ಏನು ಹೇಳುತ್ತಿತ್ತು ಎಂದು ಲೆಕ್ಕ ಹಾಕಿದರು. 12ನೆಯ ಪ್ರಯೋಗ ಪ್ರಕಟವಾದ 1992ರ ಜೂನ್ ಹೊತ್ತಿಗೆ ಉತ್ತರ ಖಚಿತವಾಗಿ ನೆಲೆಗೊಂಡಿತ್ತು: ಅಪ್ರೊಟಿನಿನ್ ಕೊಟ್ಟರೆ ರಕ್ತ ಏರಿಸುವ ಅಗತ್ಯ ತುಂಬಾ ಕಡಿಮೆಯಾಗುತ್ತದೆ. ಆಮೇಲೆ ಬಂದ 52 ಪ್ರಯೋಗಗಳು ಆ ಉತ್ತರವನ್ನು ಕದಲಿಸಲಿಲ್ಲ. ಅವುಗಳಲ್ಲಿ ರೋಗಿಗಳ ಒಂದು ಪಾಲಿಗೆ ಔಷಧ ಸಿಗುತ್ತಿತ್ತು, ಇನ್ನೊಂದು ಪಾಲಿಗೆ ಹುಸಿ ಔಷಧ ಅಥವಾ ಏನೂ ಇಲ್ಲ. ಇದಕ್ಕಿಂತ ಕಳವಳ ಹುಟ್ಟಿಸುವುದು ಇನ್ನೊಂದು ಅಂಶ. ಪ್ರತಿ ಪ್ರಬಂಧವೂ ತನಗಿಂತ ಮುಂಚೆ ನಡೆದ ಪ್ರಯೋಗಗಳಲ್ಲಿ ಎಷ್ಟನ್ನು ಹೆಸರಿಸಿದೆ ಎಂದು ಎಣಿಸಿದಾಗ ಮಧ್ಯಾಂಕ ನೂರಕ್ಕೆ 20 ಬಂತು. 1784 ರೋಗಿಗಳಿದ್ದ ಅತಿ ದೊಡ್ಡ ಪ್ರಯೋಗವನ್ನು ಅದರ ನಂತರದ 44 ಪ್ರಬಂಧಗಳ ಪೈಕಿ 7 ಮಾತ್ರ ಉಲ್ಲೇಖಿಸಿದ್ದವು. ಬೆಳಕು ಇತ್ತು, ಆ ಕಡೆಗೆ ತಿರುಗಿ ನೋಡಿದವರು ಕಡಿಮೆ.

ರೋಗಿಯನ್ನು ಹೀಗೆ ಚೀಟಿ ಎತ್ತಿ ಎರಡು ಗುಂಪಾಗಿ ಒಡೆಯುವುದನ್ನು ವೈದ್ಯನೀತಿ ಒಂದೇ ಒಂದು ಆಧಾರದ ಮೇಲೆ ಒಪ್ಪುತ್ತದೆ. ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂಬ ಬಗ್ಗೆ ವೈದ್ಯಸಮುದಾಯದಲ್ಲಿ ಪ್ರಾಮಾಣಿಕವಾದ ಸಂಶಯ ಇರಬೇಕು. ಬೆಂಜಮಿನ್ ಫ್ರೀಡ್‌ಮನ್ ಎಂಬ ನೀತಿಶಾಸ್ತ್ರಜ್ಞ ಈ ತತ್ತ್ವವನ್ನು ವಿವರಿಸಿ ಬರೆದದ್ದು ಲಂಡನ್ನಿನ ಆ ಪ್ರಯೋಗ ಪ್ರಕಟವಾದ 1987ರಲ್ಲೇ. ವೈದ್ಯ ತನ್ನೆದುರಿನ ರೋಗಿಯ ಹಿತಕ್ಕೆ ಬದ್ಧ. ನಾಳೆಯ ರೋಗಿಗಳಿಗೆ ಉಪಯೋಗವಾಗುತ್ತದೆ ಎಂದು ಇಂದಿನ ರೋಗಿಗೆ ಕೀಳು ಚಿಕಿತ್ಸೆ ಕೊಡುವ ಹಾಗಿಲ್ಲ. ಸಂಶಯವಿದ್ದಾಗ ಚೀಟಿ ಎತ್ತುವುದರಲ್ಲಿ ಯಾರಿಗೂ ಅನ್ಯಾಯವಿಲ್ಲ, ಏಕೆಂದರೆ ಯಾವ ಚೀಟಿ ಒಳ್ಳೆಯದೆಂದು ಯಾರಿಗೂ ಗೊತ್ತಿಲ್ಲ. ಸಂಶಯ ಕಳೆದ ಮೇಲೆ ಅದೇ ಚೀಟಿ ಅನ್ಯಾಯದ ಸಾಧನವಾಗುತ್ತದೆ. ಸಂಶೋಧಕ ತಾನು ಓದದೇ ಉಳಿದದ್ದರಿಂದ ಹುಟ್ಟಿದ ಸಂಶಯ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಅವನ ಸಂಶಯ, ವಿದ್ಯೆಯ ಸಂಶಯವಲ್ಲ.

ನಮ್ಮ ದರ್ಶನಗಳು ಈ ವಿಚಾರವನ್ನು ಆಸ್ಪತ್ರೆಗಳ ಹಂಗಿಲ್ಲದೆ ಬಹಳ ಹಿಂದೆಯೇ ಬಗೆದಿವೆ. ಯಾವುದನ್ನು ಪ್ರಮೆ, ಅಂದರೆ ನಿಜವಾದ ಅರಿವು, ಎನ್ನಬೇಕು? ಭಾಟ್ಟ ಮೀಮಾಂಸಕರು ಒಂದು ನಿಬಂಧನೆ ಹಾಕಿದರು: ಅದು ಮೊದಲು ತಿಳಿಯದೇ ಇದ್ದುದನ್ನು ತಿಳಿಸಬೇಕು. ಧರ್ಮರಾಜಾಧ್ವರೀಂದ್ರನ ವೇದಾಂತಪರಿಭಾಷೆಯೂ ಈ ನಿಬಂಧನೆಯನ್ನು ಎತ್ತಿಕೊಂಡು, ಇನ್ನೊಂದನ್ನು ಅದರ ಪಕ್ಕಕ್ಕೆ ಇಡುತ್ತದೆ: ಆ ಅರಿವು ಮುಂದೆ ಬಾಧಿತವಾಗಬಾರದು, ಇನ್ನೊಂದು ಅರಿವು ಬಂದು ಅದನ್ನು ಸುಳ್ಳೆನಿಸಬಾರದು. ಅಪ್ರೊಟಿನಿನ್ ಕತೆಗೆ ಈ ಎರಡೂ ಮಾತು ಬೇಕು. 12ನೆಯದರ ನಂತರದ ಪ್ರಯೋಗಗಳು ಮೊದಲ ನಿಬಂಧನೆಯಲ್ಲೇ ಸೋಲುತ್ತವೆ, ಅವು ತಿಳಿದಿದ್ದನ್ನೇ ತಿಳಿಸಿದವು. ಎರಡನೆಯ ನಿಬಂಧನೆಯ ಸಂಗತಿ ಹೆಚ್ಚು ಗಂಭೀರ, ಮುಂದೆ ಬರುತ್ತದೆ.

ಮೊದಲ ಆಕ್ಷೇಪ ಇಲ್ಲಿಯೇ ಏಳುತ್ತದೆ, ಅದನ್ನು ಎತ್ತಿದವರೂ ನಮ್ಮ ದಾರ್ಶನಿಕರೇ. ತಿಳಿದದ್ದನ್ನು ಮತ್ತೆ ತಿಳಿದರೆ ಆ ಅರಿವು ಅರಿವೇ ಅಲ್ಲವೆ? ಎದುರಿನ ಮಡಕೆಯನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರೆ ಎರಡನೆಯ ಕ್ಷಣದ ಅರಿವು ಹುಸಿಯಾಗುತ್ತದೆಯೆ? ನೈಯಾಯಿಕ ಜಯಂತಭಟ್ಟ ಈ ಹೊಸತನದ ನಿಬಂಧನೆಯನ್ನು ಒಪ್ಪಲಿಲ್ಲ, ಜೈನರ ಹೇಮಚಂದ್ರನೂ ಒಪ್ಪಲಿಲ್ಲ. ಮೀಮಾಂಸಕರು ಕೊಟ್ಟ ಸಮಾಧಾನ ಜಾಣತನದ್ದು: ಪ್ರತಿ ಕ್ಷಣವೂ ಹೊಸದು, ಆ ಕಾಲವೂ ಅರಿವಿನ ವಿಷಯದಲ್ಲಿ ಸೇರುವುದರಿಂದ ಪ್ರತಿ ಅರಿವೂ ಹೊಸದೇ. ಪ್ರಯೋಗಗಳನ್ನು ಮತ್ತೆ ಮತ್ತೆ ನಡೆಸಿದವರ ಸಮರ್ಥನೆಯೂ ಇದೇ ಜಾಡಿನದು. ನಮ್ಮ ಆಸ್ಪತ್ರೆ ಬೇರೆ, ನಮ್ಮ ರೋಗಿಗಳು ಬೇರೆ, ಡೋಸ್ ಬೇರೆ, ಆದ್ದರಿಂದ ಪ್ರಶ್ನೆ ಹೊಸದು ಎನ್ನುತ್ತಾರೆ. ಈ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ. ಪುನರಾವರ್ತನೆ ಇಲ್ಲದೆ ವಿಜ್ಞಾನ ನಿಲ್ಲುವುದಿಲ್ಲ, 22 ಜನರ ಪ್ರಯೋಗವನ್ನೇ ನಂಬಿ ಲೋಕಕ್ಕೆಲ್ಲ ಔಷಧ ಹಂಚುವುದು ಅವಿವೇಕ. ಎರಡನೆಯದು ಬೇಕಿತ್ತು, ಐದನೆಯದೂ ಬೇಕಿತ್ತು. ಆದರೆ ಒಂದು ಪ್ರಯೋಗವನ್ನು ಪುನರಾವರ್ತನೆ ಎನ್ನಬೇಕಾದರೆ ತಾನು ಯಾವುದನ್ನು ಪುನರಾವರ್ತಿಸುತ್ತಿದ್ದೇನೆ ಎಂಬ ಅರಿವು ಅದಕ್ಕಿರಬೇಕು. ಹಿಂದಿನ ಪ್ರಯೋಗಗಳಲ್ಲಿ ಐದರಲ್ಲಿ ನಾಲ್ಕನ್ನು ಹೆಸರಿಸದ ಪ್ರಬಂಧ ಯಾವುದನ್ನು ದೃಢಪಡಿಸುತ್ತದೆ? ಯಾವ ವ್ಯತ್ಯಾಸವನ್ನು ಅಳೆಯುತ್ತದೆ? ತನ್ನ ಆಸ್ಪತ್ರೆ ಬೇರೆ ಎನ್ನುವವನಿಗೆ ಉಳಿದ ಆಸ್ಪತ್ರೆಗಳಲ್ಲಿ ಏನಾಯಿತು ಎಂಬುದಾದರೂ ಗೊತ್ತಿರಬೇಡವೆ?

ಈ ತರ್ಕದಲ್ಲಿ ಉಡುಪಿಯ ಮಧ್ವಾಚಾರ್ಯರ ನಿಲುವು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅವರು ಹೊಸತನದ ನಿಬಂಧನೆಯನ್ನು ಕೈಬಿಟ್ಟು, ವಸ್ತು ಇದ್ದಂತೆ ತಿಳಿಸುವುದೇ ಪ್ರಮಾಣ ಎಂದರು. ಹಾಗಾದರೆ ಮಧ್ವಮತದಂತೆ 64 ಪ್ರಯೋಗಗಳೂ ಸಮವಾಗಿ ಪ್ರಮಾಣವೇ ಎಂದು ಯಾರಾದರೂ ವಾದಿಸಬಹುದು. ಆದರೆ ಆ ನಿಬಂಧನೆಯನ್ನು ಬಿಟ್ಟಿದ್ದರಿಂದಲೇ ಇನ್ನೊಂದು ಬಾಗಿಲು ತೆರೆಯುತ್ತದೆ: ಹಲವು ದರ್ಶನಗಳು ಹೊರಗಿಟ್ಟ ಸ್ಮೃತಿಯನ್ನು, ಅಂದರೆ ನೆನಪನ್ನು, ದ್ವೈತಿಗಳು ಪ್ರಮಾಣದ ಪಂಕ್ತಿಯಲ್ಲೇ ಕೂರಿಸಿದರು. ಹಿಂದೆ ತಿಳಿದದ್ದು ನೆನಪಾಗಿ ಉಳಿದಿದ್ದರೆ ಅದು ಇಂದಿಗೂ ಅರಿವೇ, ಅದಕ್ಕೆ ಇಂದಿನ ಪ್ರತ್ಯಕ್ಷದ ಸಾಕ್ಷಿ ಬೇಕಿಲ್ಲ. ವೈದ್ಯಶಾಸ್ತ್ರದ ನೆನಪು ಎಂದರೆ ಪ್ರಕಟಿತ ಪ್ರಬಂಧಗಳ ರಾಶಿಯೇ ಅಲ್ಲವೆ? ಆ ನೆನಪನ್ನು ಬದಿಗಿಟ್ಟು, ನನ್ನ ಕಣ್ಣಾರೆ ಕಂಡದ್ದೇ ಪ್ರಮಾಣ ಎಂದು ಹಟ ಹಿಡಿದರೆ ಮಧ್ವಮತದಲ್ಲೂ ಅದಕ್ಕೆ ಸಮರ್ಥನೆ ಸಿಗದು. ಹೊಸತನ ಬೇಕೆಂಬ ಪಕ್ಷದಲ್ಲೂ ಬೇಡವೆಂಬ ಪಕ್ಷದಲ್ಲೂ, ಓದದೆ ನಡೆಸಿದ ಪ್ರಯೋಗಕ್ಕೆ ಜಾಗವಿಲ್ಲ.

1992ರಲ್ಲಿ ಕೂತು ಎಲ್ಲ ಪ್ರಬಂಧಗಳನ್ನು ಕೂಡಿಸಿ ಲೆಕ್ಕ ಹಾಕುವುದು ಯಾರಿಗೆ ಸಾಧ್ಯವಿತ್ತು, 2005ರ ಕಣ್ಣಿನಿಂದ ಹಿಂದಿನವರನ್ನು ದೂರುವುದು ಸುಲಭ ಎಂಬ ಮಾತೂ ಇದೆ. ಒಂದು ಮಟ್ಟಿಗೆ ಇದನ್ನು ಒಪ್ಪಲೇಬೇಕು. 1992ರ ಬಳಿಕದ ಒಂದೆರಡು ವರ್ಷಗಳಲ್ಲಿ ಪ್ರಕಟವಾದ ಪ್ರಯೋಗಗಳು ಅದಕ್ಕೆ ಮುಂಚೆಯೇ ಶುರುವಾಗಿರಬೇಕು, ಅವನ್ನು ನಡೆಸಿದವರನ್ನು ದೂರಲಾಗದು. ಆದರೆ ವಿಧಾನ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಆ 12ನೆಯ ಪ್ರಯೋಗ ಬಂದ ಮರುತಿಂಗಳು, 1992ರ ಜುಲೈನಲ್ಲಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಜೋಸೆಫ್ ಲಾವ್ ಮತ್ತು ಸಂಗಡಿಗರು ಇದೇ ಬಗೆಯ ಲೆಕ್ಕವನ್ನು ಹೃದಯಾಘಾತದ ಔಷಧಗಳ ಬಗ್ಗೆ ಮಾಡಿ ತೋರಿಸಿದ್ದರು. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಜೀವ ಉಳಿಸುತ್ತದೆ ಎಂಬುದನ್ನು 1973ರಲ್ಲೇ, 8 ಪ್ರಯೋಗಗಳನ್ನು ಕೂಡಿಸಿ ಕಾಣಬಹುದಿತ್ತು. ಆಮೇಲೆ ಇನ್ನೂ 25 ಪ್ರಯೋಗಗಳು ನಡೆದವು. ಇಂಥ ಸಮೀಕ್ಷೆಗಳಿಗೆಂದೇ ಇಯಾನ್ ಚಾಮರ್ಸ್ ಮುಂತಾದವರು ಕೊಕ್ರೇನ್ ಒಕ್ಕೂಟವನ್ನು ಕಟ್ಟಿದ್ದು 1993ರಲ್ಲಿ. ಪ್ರಯೋಗಗಳು ಬರುತ್ತಲೇ ಇದ್ದದ್ದು 2002ರವರೆಗೆ.

ಸ್ಟ್ರೆಪ್ಟೊಕೈನೇಸ್‌ನ ಉದಾಹರಣೆ ನನ್ನ ವಾದಕ್ಕೆ ತುಸು ತೊಡಕನ್ನೂ ತರುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಲೋಕದ ವೈದ್ಯರು ಆ ಔಷಧವನ್ನು ನಿಜಕ್ಕೂ ಕೈಗೆತ್ತಿಕೊಂಡದ್ದು 1986ರಲ್ಲಿ ಇಟಲಿಯ ದೊಡ್ಡ ಪ್ರಯೋಗ, 1988ರಲ್ಲಿ 17,187 ರೋಗಿಗಳ ಇನ್ನೊಂದು ಪ್ರಯೋಗ ಬಂದ ಮೇಲೆ. ಚೂರುಪಾರು ಸಾಕ್ಷ್ಯವನ್ನು ಕೂಡಿಸಿದ ಲೆಕ್ಕ ಮನಸ್ಸನ್ನು ಒಪ್ಪಿಸುವುದಿಲ್ಲ, ದೊಡ್ಡ ಪ್ರಯೋಗ ಒಪ್ಪಿಸುತ್ತದೆ. ಹಾಗಾದರೆ ತಾರ್ಕಿಕವಾಗಿ ಉತ್ತರ ಸಿಕ್ಕಿದ್ದರೂ ಮನುಷ್ಯರು ಒಪ್ಪುವವರೆಗೆ ಸಂಶಯ ಉಳಿದೇ ಇತ್ತಲ್ಲವೆ? ಇರಬಹುದು. ಅಂಥ ಸಂಶಯವನ್ನು ಒಂದು ದೊಡ್ಡ ಪ್ರಯೋಗದಿಂದ ಕೊನೆಗಾಣಿಸುವುದು ಸಾಧುವಾದ ದಾರಿ. ಅಪ್ರೊಟಿನಿನ್ ವಿಷಯದಲ್ಲಿ ಆದದ್ದು ಅದಲ್ಲ. ಆ 64 ಪ್ರಯೋಗಗಳ ಗಾತ್ರದ ಮಧ್ಯಾಂಕವೂ 64 ರೋಗಿಗಳು. ಯಾರ ಸಂಶಯವನ್ನೂ ಮುಗಿಸಲಾರದಷ್ಟು ಸಣ್ಣವು, ಆದರೆ ಪ್ರತಿ ಬಾರಿಯೂ ಮೂವತ್ತು ಚಿಲ್ಲರೆ ಜನರನ್ನು ಔಷಧವಿಲ್ಲದೆ ಬಿಡುವಷ್ಟು ದೊಡ್ಡವು.

ಈಗ ಎಲ್ಲಕ್ಕಿಂತ ಬಲವಾದ ಆಕ್ಷೇಪಕ್ಕೆ ಬರುತ್ತೇನೆ. 2006ರ ಜನವರಿಯಲ್ಲಿ ಡೆನಿಸ್ ಮಂಗಾನೊ ಮತ್ತು ಸಂಗಡಿಗರು 4374 ರೋಗಿಗಳನ್ನು ಗಮನಿಸಿ, ಅಪ್ರೊಟಿನಿನ್ ಪಡೆದವರಲ್ಲಿ ಡಯಾಲಿಸಿಸ್ ಬೇಕಾಗುವಂಥ ಕಿಡ್ನಿ ವೈಫಲ್ಯ ಇಮ್ಮಡಿಯಾಗಿದೆ ಎಂದು ವರದಿ ಮಾಡಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ ಈ ಕುರಿತು ಸಭೆ ಸೇರಿತು. ಬೇಯರ್ ಕಂಪನಿ ತಾನೇ ಮಾಡಿಸಿದ ಇನ್ನೊಂದು ಅಧ್ಯಯನ ಅಪಾಯದ ಸುಳಿವು ಕೊಟ್ಟಿದ್ದರೂ ಅದನ್ನು ಆ ಸಭೆಯ ಮುಂದಿಡಲಿಲ್ಲ. ಕೆಲವೇ ದಿನಗಳಲ್ಲಿ ವಿಷಯ ಹೊರಬಿತ್ತು. ಕೊನೆಗೆ ಕೆನಡಾದ 19 ಆಸ್ಪತ್ರೆಗಳಲ್ಲಿ, ಹೆಚ್ಚು ಅಪಾಯದ ಹೃದಯ ಶಸ್ತ್ರಚಿಕಿತ್ಸೆಗೆ ಬಂದ 2331 ರೋಗಿಗಳಲ್ಲಿ, ಅಪ್ರೊಟಿನಿನ್ ಅನ್ನು ಟ್ರಾನೆಕ್ಸಾಮಿಕ್ ಆ್ಯಸಿಡ್ ಮತ್ತು ಅಮೈನೊಕಪ್ರೊಯಿಕ್ ಆ್ಯಸಿಡ್ ಎಂಬ ಎರಡು ಅಗ್ಗದ ಔಷಧಗಳೊಡನೆ ಹೋಲಿಸುತ್ತಿದ್ದ ಪ್ರಯೋಗದ ಫಲಿತಾಂಶ ಬಂತು. ಅದರ ಮುಂದಾಳು ಅದೇ ಡೀನ್ ಫರ್ಗುಸನ್. ಅಪ್ರೊಟಿನಿನ್ ಗುಂಪಿನಲ್ಲಿ ಭಾರಿ ರಕ್ತಸ್ರಾವ ತುಸು ಕಡಿಮೆ ಇತ್ತು, ನೂರಕ್ಕೆ 9.5, ಉಳಿದೆರಡರಲ್ಲಿ 12.1. ಆದರೆ 30 ದಿನಗಳೊಳಗಿನ ಸಾವು ಅಪ್ರೊಟಿನಿನ್ ಗುಂಪಿನಲ್ಲಿ ನೂರಕ್ಕೆ 6.0, ಉಳಿದೆರಡರಲ್ಲಿ 3.9 ಮತ್ತು 4.0. ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು, 2007ರ ನವೆಂಬರಿನಲ್ಲಿ ಬೇಯರ್ ಔಷಧದ ಮಾರಾಟವನ್ನು ತಡೆಹಿಡಿಯಿತು. ರಕ್ತ ನಿಂತಿತು, ಜೀವ ಉಳಿಯಲಿಲ್ಲ. ವೇದಾಂತಪರಿಭಾಷೆಯ ಎರಡನೆಯ ನಿಬಂಧನೆ ಇಲ್ಲಿ ಮೈದಾಳಿ ಬರುತ್ತದೆ: ಒಳ್ಳೆಯ ಔಷಧ ಎಂಬ ಅರಿವು ಬಾಧಿತವಾಯಿತು.

ಹಾಗಾದರೆ 1992ರಲ್ಲೇ ಪ್ರಯೋಗಗಳನ್ನು ನಿಲ್ಲಿಸಿಬಿಟ್ಟಿದ್ದರೆ ಏನಾಗುತ್ತಿತ್ತು, ಹುಸಿ ಔಷಧ ಸಿಕ್ಕ ರೋಗಿಗಳೇ ಪುಣ್ಯವಂತರಲ್ಲವೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ನನ್ನ ವಾದವನ್ನು ಬೀಳಿಸುತ್ತದೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಆ 52 ಪ್ರಯೋಗಗಳು ಸಾವಿನ ಅಪಾಯವನ್ನು ಕಂಡುಹಿಡಿದವೆ? ಇಲ್ಲ, ಕಂಡುಹಿಡಿಯಲು ಅವಕ್ಕೆ ಸಾಧ್ಯವೂ ಇರಲಿಲ್ಲ. 64 ರೋಗಿಗಳಲ್ಲಿ ಒಂದು ಗುಂಪಿಗೆ 32 ಜನ. ನೂರಕ್ಕೆ 6ರ ಲೆಕ್ಕದಲ್ಲಿ ಒಂದು ಕಡೆ ಇಬ್ಬರು ಸಾಯುತ್ತಾರೆ, ನೂರಕ್ಕೆ 4ರ ಲೆಕ್ಕದಲ್ಲಿ ಇನ್ನೊಂದು ಕಡೆ ಒಬ್ಬರು. ಇಬ್ಬರಿಗೂ ಒಬ್ಬರಿಗೂ ನಡುವಿನ ವ್ಯತ್ಯಾಸದಲ್ಲಿ ಯಾವ ವೈದ್ಯನಿಗೂ ಏನೂ ಕಾಣದು. ಮೇಲಾಗಿ ಆ ಪ್ರಯೋಗಗಳು ಹೋಲಿಸಿದ್ದು ಹುಸಿ ಔಷಧದೊಡನೆ. ಅಷ್ಟು ಹೊತ್ತಿಗೆ ವೈದ್ಯರ ಎದುರಿದ್ದ ನಿಜವಾದ ಆಯ್ಕೆ ಅಪ್ರೊಟಿನಿನ್ ಬೇಕೋ ಅದಕ್ಕಿಂತ ಅಗ್ಗದ, ಬೇರೆ ಬಗೆಯ ಔಷಧ ಬೇಕೋ ಎಂಬುದು. ಆ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ, ಸಾವನ್ನು ಎಣಿಸುತ್ತ ಕೇಳಿದ ಕೆನಡಾದ ಪ್ರಯೋಗವೇ ಉತ್ತರ ತಂದದ್ದು. ಡಬ್ಬಿಯ ಗೆರೆಯನ್ನು ಅಳೆಯುವುದು ಸುಲಭ. ರೋಗಿಗೂ ಮನೆಯವರಿಗೂ ಬೇಕಿದ್ದದ್ದು ಆ ಗೆರೆಯಲ್ಲ, ಮನೆಗೆ ಮರಳುವುದು. ಉತ್ತರ ಸಿಕ್ಕಿದ್ದ ಪ್ರಶ್ನೆಯನ್ನೇ 52 ಬಾರಿ ಕೇಳುತ್ತ ಕೂತದ್ದರಿಂದ, ಉತ್ತರ ಸಿಗದ ಪ್ರಶ್ನೆಯನ್ನು ಕೇಳಿ ಉತ್ತರ ಪಡೆಯಲು ಹದಿನೈದು ವರ್ಷ ಹಿಡಿಯಿತು. ಈ ಆಕ್ಷೇಪ ಕೊನೆಗೆ ನನ್ನ ವಾದಕ್ಕೇ ಸಾಕ್ಷಿ ಹೇಳುತ್ತದೆ.

ಕತೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಕೆನಡಾದ ಪ್ರಯೋಗದ ವಿಶ್ಲೇಷಣೆಯ ಬಗ್ಗೆಯೂ ತಕರಾರುಗಳು ಬಂದವು. 2011ರಲ್ಲಿ ಕೆನಡಾದ, 2012ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಗಳು ಸಾಕ್ಷ್ಯವನ್ನು ಮರುಪರಿಶೀಲಿಸಿ, ಸೀಮಿತ ಬಳಕೆಗೆ ಅಪ್ರೊಟಿನಿನ್ ಮರಳಬಹುದು ಎಂಬ ನಿಲುವಿಗೆ ಬಂದವು. ಬಾಧಕವಾದ ಅರಿವಿಗೂ ಬಾಧೆ ಬರಬಹುದು. ಇದರಿಂದ ಕೆಲವರು, ಹಾಗಿದ್ದರೆ ಯಾವುದೂ ಎಂದೂ ಖಚಿತವಲ್ಲ, ಎಷ್ಟು ಬಾರಿ ಪ್ರಯೋಗ ಮಾಡಿದರೂ ತಪ್ಪಿಲ್ಲ ಎಂಬ ತೀರ್ಮಾನಕ್ಕೆ ಜಿಗಿಯುತ್ತಾರೆ. ಅದು ತಪ್ಪು ಜಿಗಿತ. ಅರಿವು ಅಪೂರ್ಣ ಎಂದು ಒಪ್ಪಿದವನಿಗೆ, ಅದರ ಯಾವ ಭಾಗ ಅಪೂರ್ಣ ಎಂದು ಹುಡುಕಿ ಅಲ್ಲಿಯೇ ಕೈಯಿಡುವ ಹೊಣೆ ಇನ್ನೂ ಹೆಚ್ಚು.

ಈ ಭೇದವನ್ನು ಸರಿಯಾಗಿ ಗುರುತಿಸಿದ ಕೆಲಸವೂ ಆಗಿದೆ. ಜಪಾನಿನ ಉತಾಕೊ ಮತ್ತು ಶೋಸುಕೆ ಒಕಮೊಟೊ ದಂಪತಿ 1962ರಲ್ಲಿ ಲೋಕಕ್ಕೆ ತಿಳಿಸಿದ ಟ್ರಾನೆಕ್ಸಾಮಿಕ್ ಆ್ಯಸಿಡ್ ಅನ್ನು ನಮ್ಮಲ್ಲೂ ಅತಿಯಾದ ಮುಟ್ಟಿನ ರಕ್ತಸ್ರಾವಕ್ಕೆ ಮಾತ್ರೆಯಾಗಿ ಕೊಡುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ಇದರ ಬಳಕೆ ಕುರಿತ 129 ಪ್ರಯೋಗಗಳನ್ನು 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಕೂಡಿಸಿ ನೋಡಿದಾಗ ಹಳೆಯ ರೋಗವೇ ಮತ್ತೆ ಕಂಡಿತು: ರಕ್ತ ಏರಿಸುವ ಅಗತ್ಯ ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ ಎಂಬುದು ಹತ್ತು ವರ್ಷಕ್ಕೂ ಹಿಂದೆಯೇ ಖಚಿತವಾಗಿತ್ತು, ಹೃದಯಾಘಾತ, ಪಾರ್ಶ್ವವಾಯು, ಸಾವಿನ ಬಗ್ಗೆ ಮಾತ್ರ ಆಗಲೂ ಅಸ್ಪಷ್ಟ. ಆಸ್ಟ್ರೇಲಿಯದ ವೈದ್ಯರ ಮುಂದಾಳತ್ವದಲ್ಲಿ 4600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಆ ಅಸ್ಪಷ್ಟ ಭಾಗವನ್ನೇ ಹಿಡಿಯಿತು. ಹೆಪ್ಪುಗಟ್ಟುವುದರಿಂದ ಆಗುವ ತೊಂದರೆ ಮತ್ತು ಸಾವು ಔಷಧದಿಂದ ಹೆಚ್ಚಲಿಲ್ಲ: ನೂರಕ್ಕೆ 16.7, ಹುಸಿ ಔಷಧದ ಗುಂಪಿನಲ್ಲಿ 18.1. ಫಿಟ್ಸ್ ಮಾತ್ರ ನೂರಕ್ಕೆ 0.1ರ ಬದಲು 0.7 ಆಯಿತು. ಇಲ್ಲಿಯೂ ಅರ್ಧದಷ್ಟು ರೋಗಿಗಳಿಗೆ ಔಷಧ ಸಿಗಲಿಲ್ಲ, ಅವರಲ್ಲಿ ರಕ್ತಸ್ರಾವಕ್ಕಾಗಿ ಮತ್ತೆ ಆಪರೇಷನ್ ಆದವರು ಇಮ್ಮಡಿ. ಆದರೂ ಇದನ್ನು ನಾನು ತಪ್ಪೆನ್ನಲಾರೆ. ರಕ್ತ ಉಳಿಸುವ ಔಷಧ ಜೀವಕ್ಕೆ ಎರವಾಗುತ್ತದೆಯೇ ಎಂಬ ಸಂಶಯ ಅಪ್ರೊಟಿನಿನ್‌ನ ಅನುಭವದ ನಂತರ ನಿಜವಾದ, ಓದಿ ತಿಳಿದವರ ಸಂಶಯವಾಗಿತ್ತು. ಮೇಲ್ನೋಟಕ್ಕೆ ಒಂದೇ ಬಗೆಯ ಎರಡು ಪ್ರಯೋಗಗಳಲ್ಲಿ ಒಂದು ಧರ್ಮ, ಒಂದು ಅಧರ್ಮ ಆಗುವುದು ಈ ಓದಿನಿಂದ.

ಅಧರ್ಮ, ಹಿಂಸೆ ಎಂಬ ಮಾತುಗಳು ಅತಿಯಾದವು, ಯಾರೂ ರೋಗಿಗೆ ಕೆಡುಕಾಗಲೆಂದು ಬಯಸಿರಲಿಲ್ಲವಲ್ಲ ಎಂದು ಕೆಲವರಿಗೆ ಅನ್ನಿಸೀತು. ಬಯಸಿರಲಿಲ್ಲ, ನಿಜ. ಆದರೆ ಹಿಂಸೆಯನ್ನು ಬಯಕೆಯಿಂದ ಮಾತ್ರ ಅಳೆಯಬೇಕೆಂದು ಯಾರು ಹೇಳಿದರು? ಜೈನರ ತತ್ತ್ವಾರ್ಥಸೂತ್ರವು ಹಿಂಸೆಗೆ ಲಕ್ಷಣ ಹೇಳುವಾಗ ಪ್ರಮಾದವನ್ನು, ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿ ಇಡುತ್ತದೆ. ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಕಾಲಡಿಗೆ ಹುಳು ಸಿಕ್ಕಿ ಸತ್ತರೂ ಅವನಿಗೆ ದೋಷವಿಲ್ಲ, ಎಚ್ಚರವಿಲ್ಲದೆ ನಡೆದವನಿಗೆ ಯಾವ ಜೀವಿ ಸಾಯದಿದ್ದರೂ ದೋಷವಿದೆ ಎಂಬ ವಿಚಾರವನ್ನು ಪೂಜ್ಯಪಾದರು ಆ ಸೂತ್ರಗಳ ವ್ಯಾಖ್ಯಾನವಾದ ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿದ್ದಾರೆ. ನೋಡಬೇಕಾದಲ್ಲಿ ನೋಡಿದೆಯಾ ಎಂಬುದೊಂದೇ ಅಲ್ಲಿನ ಪ್ರಶ್ನೆ. ಮೊದಲಿನ ಪ್ರಬಂಧಗಳನ್ನು ಓದುವುದು ಸಂಶೋಧಕನ ಕಾಲಡಿಯ ನೋಟ. ಓದಿ ಮುಂದುವರಿದು ತಪ್ಪಿದವನು ನಿರ್ದೋಷಿ. ಓದದೆ ಮುಂದುವರಿದವನ ಪ್ರಯೋಗದಲ್ಲಿ ಯಾರೂ ಸಾಯದಿದ್ದರೂ ಅವನ ಕೈ ಶುದ್ಧವಲ್ಲ. ರೋಗಿ ಒಪ್ಪಿ ಸಹಿ ಹಾಕಿದ್ದನಲ್ಲ ಎಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. ಈ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲ ಎಂದು ನಂಬಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ, ಗೊತ್ತಿಲ್ಲ ಎಂದವನಿಗೇ ಗೊತ್ತಿರಲಿಲ್ಲ ಎಂದರೂ.

ಹೊಣೆ ಸಂಶೋಧಕನ ಹೆಗಲಿಗೇ ನಿಲ್ಲುವುದಿಲ್ಲ. ಆ 52 ಪ್ರಯೋಗಗಳನ್ನು ನೈತಿಕ ಸಮಿತಿಗಳು ಪಾಸು ಮಾಡಿದವು, ಹಣ ಕೊಟ್ಟವರು ಕೊಟ್ಟರು, ಪತ್ರಿಕೆಗಳು ಅಚ್ಚು ಹಾಕಿದವು. ವೈದ್ಯ ಸಂಶೋಧನೆಯ ನೀತಿಗೆ ಜಗತ್ತೇ ಆಧಾರವಾಗಿ ಹಿಡಿಯುವ ಹೆಲ್ಸಿಂಕಿ ಘೋಷಣೆ ಸಂಶೋಧನೆಯ ಪೋಲನ್ನು ತಪ್ಪಿಸಬೇಕು ಎಂದು ಹೆಸರಿಟ್ಟು ಹೇಳಿದ್ದು 2024ರ ಪರಿಷ್ಕರಣೆಯಲ್ಲಿ. ಭಾರತದಲ್ಲಿ ಪ್ರಯೋಗಗಳ ನೋಂದಣಿ 2007ರಲ್ಲಿ ಶುರುವಾಗಿ, ಔಷಧ ನಿಯಂತ್ರಕರು 2009ರಲ್ಲಿ ಅದನ್ನು ಕಡ್ಡಾಯ ಮಾಡಿದರು. ಯಾರು ಬೇಕಾದರೂ ಆ ದಾಖಲೆಯನ್ನು ಅಂತರ್ಜಾಲದಲ್ಲಿ ತೆರೆದು ನೋಡಬಹುದು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ದೊಡ್ಡ ಆಸ್ಪತ್ರೆಗಳ ನೈತಿಕ ಸಮಿತಿಗಳಲ್ಲಿ ವೈದ್ಯರಲ್ಲದ ಸದಸ್ಯರೂ ಇರುತ್ತಾರೆ: ವಕೀಲರು, ಮೇಷ್ಟ್ರುಗಳು, ಸಮಾಜಸೇವಕರು. ಈ ಲೇಖನ ಅವರಲ್ಲಿ ಒಬ್ಬರ ಕಣ್ಣಿಗೆ ಬಿದ್ದರೂ ಸಾಕು. ಅರ್ಜಿ ಮುಂದೆ ಬಂದಾಗ ಔಷಧದ ರಸಾಯನ ನಿಮಗೆ ತಿಳಿಯಬೇಕಿಲ್ಲ. ಇದೇ ಪ್ರಶ್ನೆಯನ್ನು ಇದಕ್ಕೆ ಮುಂಚೆ ಯಾರು ಯಾರು ಕೇಳಿದ್ದಾರೆ, ಅವರಿಗೆಲ್ಲ ಒಟ್ಟಾಗಿ ಏನು ಉತ್ತರ ಸಿಕ್ಕಿದೆ, ಉಳಿದಿರುವ ಸಂಶಯ ಯಾವುದು ಎಂದು ಕೇಳಿ, ಬರವಣಿಗೆಯಲ್ಲಿ ಉತ್ತರ ಬರುವವರೆಗೆ ಸಹಿ ಹಾಕಬೇಡಿ. ಒಪ್ಪಿಗೆಪತ್ರ ಹಿಡಿದು ನಿಂತ ರೋಗಿಯ ಮಗಳೋ ಮಗನೋ ನೀವಾಗಿದ್ದರೂ, ದಯವಿಟ್ಟು ಇದನ್ನೇ ಕೇಳಿ.